ಪಿಯುಸಿಯಲ್ಲಿ ಗಣಿತ ಬಿಡುವ ಮುನ್ನ ಪಾಲಕರು ತಿಳಿಯಬೇಕಾದದ್ದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದಲೇ ಬೀದರ್, ಭಾಲ್ಕಿ, ಔರಾದ್‌ನ ಮನೆಗಳಲ್ಲಿ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ? ಬೀದರ್ ಈಗ ನೀಟ್ ತರಬೇತಿಗೆ ಹೆಸರಾಗಿದೆ. ಗಡಿಯಾಚೆ ಲಾತೂರಿನ ಸೆಳೆತವೂ ಇದೆ. ಹೀಗಾಗಿ ಹೆಚ್ಚು ಅಂಕ ಬಂದವರು ಪಿಸಿಎಂಬಿಗೆ, ಉಳಿದವರು ಕಾಮರ್ಸಿಗೆ ಎಂಬ ರೂಢಿ ಬಿದ್ದಿದೆ. ಕಾಮರ್ಸ್ ಸೇರಿದರೆ ಗಣಿತದ ಕಾಟ ತಪ್ಪಿತು ಎಂದು ಮಕ್ಕಳು ತಿಳಿಯುತ್ತಾರೆ. ಅಂಗಡಿ ನೋಡಿಕೊಳ್ಳಲು ಅಷ್ಟು ಸಾಕು ಎಂದು ಹಿರಿಯರೂ ಸುಮ್ಮನಾಗುತ್ತಾರೆ. ಎಡವುವುದು ಇಲ್ಲಿಯೇ.

ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಕಾಮರ್ಸಿನಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಈ ಮೂರು ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದರಲ್ಲಿ ಆಯ್ಕೆ. ಇತಿಹಾಸ ತೆಗೆದುಕೊಂಡರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರ ತೆಗೆದುಕೊಂಡರೆ ಎಸ್‌ಇಬಿಎ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಸಿಇಬಿಎ. ಬೇಸಿಕ್ ಮ್ಯಾಥ್ಸ್ ಅಥವಾ ಪೂರ್ಣ ಗಣಿತ ತೆಗೆದುಕೊಳ್ಳಲೂ ಅವಕಾಶವಿದೆ. ಆ ಒಂದು ನಾಲ್ಕನೆಯ ವಿಷಯವೇ ಮುಂದೆ ಯಾವ ಬಾಗಿಲು ತೆರೆದಿರುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುತ್ತದೆ.

ನಮ್ಮ ಭಾಗದ ಕಾಲೇಜಿನಲ್ಲಿ ಬಿ.ಕಾಂ, ಬಿಬಿಎ ಅಥವಾ ಬಿ.ಎ. ಅರ್ಥಶಾಸ್ತ್ರ ಓದುವುದಾದರೆ ಗಣಿತ ಕೇಳುವುದಿಲ್ಲ. ಆದ್ದರಿಂದಲೇ ಈ ವಿಷಯ ಪಾಲಕರ ಗಮನಕ್ಕೆ ಬರುವುದಿಲ್ಲ. ಗೊತ್ತಾಗುವುದು ಎರಡು ವರ್ಷ ಕಳೆದ ಮೇಲೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಪತ್ರಿಕೆ ಕಡ್ಡಾಯ. ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಮ್ಯಾಥ್, ಕೋಲ್ಕತ್ತದ ಬಿ.ಸ್ಟ್ಯಾಟ್ ಎರಡಕ್ಕೂ ಹನ್ನೆರಡನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಅಲ್ಲಿ ಬೋಧನಾ ಶುಲ್ಕವಿಲ್ಲ, ಓದುವವರಿಗೆ ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಐಐಎಂ ಇಂದೋರ್ 2011ರಲ್ಲಿ ಆರಂಭಿಸಿದ ಐದು ವರ್ಷದ ಕೋರ್ಸಿಗೆ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ಆದರೆ ಅದರ ಪ್ರವೇಶ ಪರೀಕ್ಷೆಯಲ್ಲಿ ಲೆಕ್ಕದ್ದೇ ದೊಡ್ಡ ಪಾಲು. ಕಾಮರ್ಸಿನಲ್ಲಿ ಶೇ 95 ಬಂದರೂ ಗಣಿತವಿಲ್ಲದ ಅಂಕಪಟ್ಟಿ ಹಿಡಿದುಕೊಂಡು ಗಣಿತ ಕಡ್ಡಾಯವಿರುವ ಕಡೆ ಅರ್ಜಿ ಹಾಕಲಾಗದು. ಮಗುವಿನ ಬುದ್ಧಿಯಲ್ಲಿ ಏನೂ ಕೊರತೆ ಇರುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ತುಂಬಿದ ಒಂದು ಫಾರ್ಮಿನ ಫಲ ಅದು.

ಅರ್ಥಶಾಸ್ತ್ರಕ್ಕೆ ಇಷ್ಟು ಗಣಿತ ಯಾಕೆ ಎಂದು ಕೇಳುವವರಿದ್ದಾರೆ. ತೊಗರಿ ದಾಲ್ ಮಿಲ್ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ನೂರು ಕ್ವಿಂಟಲ್ ಬೇಳೆಗೆ ಒಟ್ಟು ಎಷ್ಟು ಖರ್ಚು ಬಿತ್ತು ಎಂಬುದು ಒಂದು ಲೆಕ್ಕ. ಇನ್ನೊಂದು ಕ್ವಿಂಟಲ್ ಹೆಚ್ಚಿಗೆ ಮಾಡಿದರೆ ಖರ್ಚು ಎಷ್ಟು ಏರುತ್ತದೆ ಎಂಬುದು ಬೇರೆ ಲೆಕ್ಕ. ಮಿಲ್ಲನ್ನು ಇನ್ನೂ ಎರಡು ತಾಸು ಓಡಿಸಬೇಕೋ ನಿಲ್ಲಿಸಬೇಕೋ ಎಂದು ಹೇಳುವುದು ಈ ಎರಡನೆಯದು. ವ್ಯಾಪಾರಿ ಇದನ್ನು ಅಂದಾಜಿನಲ್ಲಿ ಮಾಡುತ್ತಾನೆ, ಅರ್ಥಶಾಸ್ತ್ರಜ್ಞ ಅವಕಲನದಿಂದ ಮಾಡುತ್ತಾನೆ. ದ್ವಿತೀಯ ಪಿಯುಸಿ ಗಣಿತದ ಅವಕಲನ, ಮಾತೃಕೆಗಳು, ಸಂಭವನೀಯತೆ ಈ ಪಾಠಗಳೇ ಮುಂದೆ ಅರ್ಥಶಾಸ್ತ್ರದ ತರಗತಿಯಲ್ಲಿ ದಿನನಿತ್ಯದ ಉಪಕರಣಗಳಾಗುತ್ತವೆ.

ನಮ್ಮ ಸಮಾಜಕ್ಕೆ ಇದು ಹೊಸತೂ ಅಲ್ಲ. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳೂ ಇವೆ. ಆ ಅರಸನ ರಾಜಧಾನಿ ಮಳಖೇಡ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ಇದೆ.

ಬೇಸಿಕ್ ಮ್ಯಾಥ್ಸ್ ಬಗ್ಗೆ ಎರಡು ಮಾತು. ಅದನ್ನು ಹಗುರವಾಗಿ ಕಾಣಬಾರದು. ಬಿಲ್ ಡಿಸ್ಕೌಂಟಿಂಗ್, ಷೇರುಗಳ ಲೆಕ್ಕ, ಸ್ವಲ್ಪ ಅವಕಲನ, ಅನುಕಲನ ಎಲ್ಲವೂ ಅದರಲ್ಲಿವೆ. ಬಿ.ಕಾಂ, ಸಿಎ ಕಡೆ ಹೊರಟವರಿಗೆ ಬಹಳ ಉಪಯೋಗದ ವಿಷಯ. ಆದರೆ ಅಂಕಪಟ್ಟಿಯಲ್ಲಿ ಅದರ ಹೆಸರು ಬೇರೆ. ಗಣಿತ ಕೇಳುವ ಹೊರರಾಜ್ಯದ ಸಂಸ್ಥೆ ಇದನ್ನು ಒಪ್ಪುತ್ತದೆಯೇ ಎಂದು ಆ ಸಂಸ್ಥೆಯಿಂದಲೇ ಬರಹದಲ್ಲಿ ಉತ್ತರ ಪಡೆಯುವವರೆಗೆ ಎರಡೂ ಒಂದೇ ಎಂದು ನಂಬಿ ಕೂಡಬಾರದು. ಉದ್ಗೀರ್, ಲಾತೂರಿಗೆ ಕಳಿಸುವವರೂ ಗಮನಿಸಬೇಕು: ಮಹಾರಾಷ್ಟ್ರದ ಹನ್ನೆರಡನೇ ತರಗತಿಯಲ್ಲಿ ಕಾಮರ್ಸಿನ ಗಣಿತ ಮತ್ತು ಸೈನ್ಸಿನ ಗಣಿತ ಎರಡು ಬೇರೆ ಬೇರೆ ಪಠ್ಯ. ಸಿಬಿಎಸ್‌ಇ ಶಾಲೆಯ ಮಕ್ಕಳಿಗೆ ಪ್ರಶ್ನೆ ಇನ್ನೂ ಮೊದಲೇ ಬರುತ್ತದೆ. ಹತ್ತನೇ ತರಗತಿಯಲ್ಲಿ ಬೇಸಿಕ್, ಸ್ಟಾಂಡರ್ಡ್ ಎಂದು ಎರಡು ಗಣಿತ ಪತ್ರಿಕೆಗಳಿವೆ. ಮುಂದೆ ಗಣಿತ ಬೇಕೆನ್ನುವವರು ಸ್ಟಾಂಡರ್ಡ್ ಬರೆಯುವುದೇ ಸುರಕ್ಷಿತ.

ಸಿಎ ಫೌಂಡೇಶನ್‌ಗೆ ಯಾವ ವಿಭಾಗದವರಾದರೂ ಸರಿ. ನಾಲ್ಕು ಪತ್ರಿಕೆ, ತಲಾ 100 ಅಂಕ. ಪ್ರತಿಯೊಂದರಲ್ಲಿ ಕನಿಷ್ಠ 40, ಒಟ್ಟಾರೆ ಶೇ 50 ಬರಬೇಕು. ಮೂರನೇ ಪತ್ರಿಕೆ ವ್ಯವಹಾರ ಗಣಿತ, ತಾರ್ಕಿಕ ಯೋಚನೆ ಮತ್ತು ಸಂಖ್ಯಾಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಹತ್ತನೇ ತರಗತಿಗೇ ಲೆಕ್ಕ ಬಿಟ್ಟವರಿಗೆ ಇದೇ ಪತ್ರಿಕೆ ಕಷ್ಟ ಕೊಡುತ್ತದೆ.

ಎಲ್ಲ ಮಕ್ಕಳೂ ಗಣಿತ ತೆಗೆದುಕೊಳ್ಳಲೇಬೇಕೆಂದಿಲ್ಲ. ಲೆಕ್ಕ ಕಂಡರೆ ಜ್ವರ ಬರುವ ಮಗುವಿಗೆ ಒತ್ತಾಯ ಮಾಡಿ ಕೂಡಿಸಿದರೆ ಉಳಿದ ಐದು ವಿಷಯಗಳೂ ಕೆಡುತ್ತವೆ. ಅಂಥವರಿಗೆ ಸಂಖ್ಯಾಶಾಸ್ತ್ರ ಒಳ್ಳೆಯ ನಡುದಾರಿ. ಇನ್ನು ಗಣಿತದಲ್ಲೇ ಪದವಿ ಬೇಕು ಎಂಬ ಮಗು ಸೈನ್ಸಿನಲ್ಲಿ ಪಿಸಿಎಂ ಜತೆಗೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಅಥವಾ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಬಹುದು.

ಕಡೆಗೆ ಊರಿನ ಅಡಚಣೆ. ಕಾಮರ್ಸ್ ಜತೆ ಗಣಿತ ಎಂಬ ಜೋಡಣೆ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಸಣ್ಣ ಊರುಗಳಲ್ಲಿ ಇಬ್ಬರು ಮೂವರು ಮಕ್ಕಳಿಗಾಗಿ ಗಣಿತದ ಉಪನ್ಯಾಸಕರನ್ನು ಕೊಡುವುದು ಕಾಲೇಜಿಗೂ ಕಷ್ಟವೇ. ಔರಾದ್, ಭಾಲ್ಕಿಯ ಪಾಲಕರು ಶುಲ್ಕ ಕಟ್ಟುವ ಮೊದಲೇ ಪ್ರಾಚಾರ್ಯರನ್ನು ಕಂಡು ಈ ಜೋಡಣೆ ಇದೆಯೇ, ಕಲಿಸುವವರು ಇದ್ದಾರೆಯೇ, ಕಳೆದ ವರ್ಷ ಎಷ್ಟು ಮಕ್ಕಳು ಓದಿದರು ಎಂದು ಕೇಳಬೇಕು. ಇಲ್ಲವೆಂದರೆ ಬೀದರಿನ ಹಾಸ್ಟೆಲ್ ಯೋಚಿಸಬೇಕಾಗುತ್ತದೆ. ದ್ವಿತೀಯ ವರ್ಷಕ್ಕೆ ಬಂದ ಮೇಲೆ ವಿಷಯ ಬದಲಿಸಲು ಬರುವುದಿಲ್ಲ. ಇದೇ ಓಡಾಟದಲ್ಲಿ 371(ಜೆ) ಪ್ರಮಾಣಪತ್ರಕ್ಕೂ ಸಹಾಯಕ ಆಯುಕ್ತರ ಕಚೇರಿಗೆ ಅರ್ಜಿ ಕೊಟ್ಟುಬಿಡಬೇಕು. ಅದರಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಈ ಭಾಗದವರಿಗೆ ಮೀಸಲು. ಪದವಿ ಪ್ರವೇಶದ ಗಡಿಬಿಡಿಯಲ್ಲಿ ಹೋದರೆ ಅಲ್ಲಿ ಸಾಲು ಉದ್ದವಿರುತ್ತದೆ.