ನೂರಕ್ಕೆ ನೂರು ಪಡೆದವನಿಗೆ ಕೊನೆಯ ಸ್ಥಾನ!

ನಾಲ್ವರು ವಿದ್ಯಾರ್ಥಿಗಳ ಅಂಕಗಳು 95, 100, 87 ಮತ್ತು 9. ಇವನ್ನು ಜಾವಾಸ್ಕ್ರಿಪ್ಟ್ ಭಾಷೆಯ 'ಸಾರ್ಟ್' ವಿಧಾನದಿಂದ ಜೋಡಿಸಿ, 'ರಿವರ್ಸ್'ನಿಂದ ತಿರುಗಿಸಿದರೆ ಸಿಗುವ ಸಾಲು: 95, 9, 87, 100. ಒಂಬತ್ತು ಅಂಕದವನು ಎರಡನೆಯವನು, ನೂರು ಪಡೆದವನು ಕಟ್ಟಕಡೆಯವನು! ಆದರೂ ಕಂಪ್ಯೂಟರ್ ಯಾವ ದೋಷವನ್ನೂ ವರದಿ ಮಾಡುವುದಿಲ್ಲ.

ಹೀಗೇಕೆ? ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ 1995ರಲ್ಲಿ ರೂಪಿಸಿದ ಈ ಭಾಷೆಯಲ್ಲಿ ಮೌಲ್ಯಗಳನ್ನು ಸಾಲಾಗಿ ಇಡುವ ಪಟ್ಟಿಗೆ 'ಅರೇ' ಎಂದು ಹೆಸರು. ಬೇರೆ ಸೂಚನೆ ಇಲ್ಲದಿದ್ದರೆ 'ಸಾರ್ಟ್' ಅದರಲ್ಲಿನ ಸಂಖ್ಯೆಗಳನ್ನು ಪದಗಳಂತೆ ಹೋಲಿಸುತ್ತದೆ. ನಿಘಂಟಿನಲ್ಲಿ ಮೊದಲ ಅಕ್ಷರ ನೋಡುವಂತೆ ಇಲ್ಲಿ ಮೊದಲ ಅಂಕಿಯನ್ನು ನೋಡುತ್ತದೆ. 100 ಆರಂಭವಾಗುವುದು 1ರಿಂದ; ಆದ್ದರಿಂದ ಅದು 9ಕ್ಕಿಂತ ಹಿಂದೆ ಬೀಳುತ್ತದೆ. ಎರಡು ಸಂಖ್ಯೆಗಳನ್ನು ಒಂದರಿಂದೊಂದು ಕಳೆದು ಹೋಲಿಸುವ ಪುಟ್ಟ ಫಂಕ್ಷನ್ ಕೊಟ್ಟರೆ ಕ್ರಮ ಸರಿಹೋಗುತ್ತದೆ.

ಇನ್ನೊಂದು ಎಚ್ಚರಿಕೆ: 'ಸಾರ್ಟ್' ಮೂಲ ಪಟ್ಟಿಯನ್ನೇ ಬದಲಿಸುತ್ತದೆ. ಹಾಜರಿ ಪುಸ್ತಕದ ಕ್ರಮ ಹಾಗೆಯೇ ಉಳಿಯಬೇಕಿದ್ದರೆ ಮೊದಲು ನಕಲು ಮಾಡಿಕೊಳ್ಳಬೇಕು. 2023ರಲ್ಲಿ ಭಾಷೆಗೆ ಸೇರಿದ 'ಟುಸಾರ್ಟೆಡ್' ಈ ಕೆಲಸವನ್ನು ತಾನೇ ಮಾಡುತ್ತದೆ.

ಪಟ್ಟಿಯಿಂದ ಅಳಿಸುವಾಗಲೂ ಇಂಥದೇ ತೊಡಕು. 20, 30, 80 ಇರುವ ಪಟ್ಟಿಯಲ್ಲಿ 35ಕ್ಕಿಂತ ಕಡಿಮೆ ಇರುವುದನ್ನು ತೆಗೆಯಬೇಕೆನ್ನಿ. ಮೊದಲ ಮನೆಯ 20ನ್ನು 'ಸ್ಪ್ಲೈಸ್' ಅಳಿಸಿದೊಡನೆ 30 ಆ ಮನೆಗೆ ಸರಿಯುತ್ತದೆ. ಎಣಿಕೆ ಮಾತ್ರ ಎರಡನೆಯ ಮನೆಗೆ ಹೋಗಿಬಿಡುತ್ತದೆ. ಪರೀಕ್ಷೆಗೇ ಒಳಪಡದೆ 30 ಉಳಿದುಕೊಳ್ಳುತ್ತದೆ! ಕೊನೆಯಿಂದ ಮೊದಲಿಗೆ ಎಣಿಸುವುದು ಅಥವಾ ಬೇಕಾದವನ್ನು ಮಾತ್ರ 'ಫಿಲ್ಟರ್'ನಿಂದ ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ದೋಷ ಹುಡುಕಲು ವಿದ್ಯಾರ್ಥಿಗಳು ಹೀಗೆ ಮಾಡಬಹುದು. ನೂರಾರು ಹೆಸರುಗಳ ಬದಲು ಮೂರು-ನಾಲ್ಕು ಸಂಖ್ಯೆಗಳ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಒಂದಂಕಿ, ಎರಡಂಕಿ, ಮೂರಂಕಿಯ ಸಂಖ್ಯೆಗಳೆಲ್ಲ ಇರಲಿ. ಬರಬೇಕಾದ ಉತ್ತರವನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಅನಂತರ ಪ್ರತಿ ಹಂತದಲ್ಲೂ ಪಟ್ಟಿಯನ್ನು 'ಕನ್ಸೋಲ್'ನಲ್ಲಿ ಮುದ್ರಿಸಿ ಹೋಲಿಸಿ. ಎರಡೂ ಎಲ್ಲಿ ಮೊದಲು ಬೇರೆಯಾಗುತ್ತವೆಯೋ ಅಲ್ಲೇ ತಪ್ಪನ್ನು ಹುಡುಕಿ. ಮುದ್ರಿಸುವಾಗ ಪಟ್ಟಿಯ ನಕಲನ್ನೇ ಮುದ್ರಿಸುವುದು ಲೇಸು. ಬ್ರೌಸರ್‌ನಲ್ಲಿ ಪಟ್ಟಿಯನ್ನು ಬಿಡಿಸಿ ನೋಡುವ ಹೊತ್ತಿಗೆ ಅದು ಬದಲಾಗಿದ್ದರೆ ಹೊಸ ರೂಪವೇ ಕಾಣಬಹುದು.

ಪಾಲಕರಿಗೂ ಒಂದು ಮಾತು. ಕಂಪ್ಯೂಟರ್ ಮುಂದೆ ಕುಳಿತ ಮಗ ಅಥವಾ ಮಗಳು ಒಂದು ಗಂಟೆಯಲ್ಲಿ ಒಂದು ಸಾಲನ್ನಷ್ಟೇ ತಿದ್ದಿದ್ದರೆ ಕಾಲ ವ್ಯರ್ಥವಾಯಿತೆಂದು ಗದರಬೇಡಿ. 'ಯಾವ ಉತ್ತರ ಬರಬೇಕಿತ್ತು, ಯಾವುದು ಬಂತು?' ಎಂದು ಕೇಳಿ. ಈ ಪ್ರಶ್ನೆ ಕೇಳಲು ಜಾವಾಸ್ಕ್ರಿಪ್ಟ್ ಗೊತ್ತಿರಬೇಕಾಗಿಲ್ಲ; ಉತ್ತರ ಹೇಳುತ್ತ ಹೇಳುತ್ತಲೇ ಮಕ್ಕಳಿಗೆ ತಪ್ಪು ಹೊಳೆಯುವುದುಂಟು.