ಮೀನಿಗೆ ಹೆಸರು ಹಿಡಿಯುವವರು

ಚೆನ್ನೈನ ಕೊಳತ್ತೂರು ಬಣ್ಣದ ಮೀನುಗಳ ಪೇಟೆ. ಅಕ್ವೇರಿಯಂ ಮೀನು ಸಾಕುವುದು, ಮಾರುವುದು, ಪರವೂರಿಗೆ ಕಳಿಸುವುದು ಇಲ್ಲಿ ಬೀದಿಬೀದಿಗೂ ಹಬ್ಬಿದ ಕಸುಬು. ಆಕ್ಸಿಜನ್ ತುಂಬಿ ರಬ್ಬರ್‌ಬ್ಯಾಂಡ್ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಹೊರಡುವ ಮೀನಿನ ಜತೆ ಒಂದು ಹೆಸರೂ ಹೊರಡುತ್ತದೆ. ಅದು ವ್ಯಾಪಾರದ ಹೆಸರು, ನೆಚ್ಚಿಕೊಳ್ಳುವಂಥದ್ದಲ್ಲ. 'ಶಾರ್ಕ್' ಎಂದು ಮಕ್ಕಳ ಕೈಗೆ ಕೊಡುವುದು ಬಹಳ ಸಲ ಪಂಗಾಸಿಯಸ್ ಎಂಬ ಕ್ಯಾಟ್‌ಫಿಶ್‌ನ ಮರಿಯನ್ನು. ಬೆರಳುದ್ದದ ಆ ಮರಿ ಬೆಳೆದರೆ ಮೀಟರ್ ಮುಟ್ಟುತ್ತದೆಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ತೊಟ್ಟಿಯಲ್ಲಿರುವುದು ನಿಜಕ್ಕೂ ಯಾವ ಮೀನು? ಇದನ್ನು ಪತ್ತೆ ಹಚ್ಚುವುದೇ ಒಂದು ವಿದ್ಯೆ. ಮೊದಲು ಅದು ಮ್ಯೂಸಿಯಮ್ಮಿನ ಬೀರುಗಳ ನಡುವೆ ನಡೆಯುತ್ತಿತ್ತು. ಈಗ ಅದರ ದೊಡ್ಡ ಪಾಲು ಫೋನಿನಲ್ಲಿ, ಒಬ್ಬರನ್ನೊಬ್ಬರು ಕಂಡೇ ಇರದ ಜನರ ನಡುವೆ ನಡೆಯುತ್ತಿದೆ.

'ಮಿಸ್ ಕೇರಳ' ಎಂದು ಹೆಸರಾದ ಮೀನನ್ನೇ ತೆಗೆದುಕೊಳ್ಳಿ. ಬೆಳ್ಳಿ ಮೈ, ಉದ್ದಕ್ಕೂ ಒಂದು ಕಪ್ಪು ಪಟ್ಟೆ, ಅದರ ಮೇಲೆ ಮೂತಿಯಿಂದ ಮೈಯ ನಡುವಿನವರೆಗೆ ಕೆಂಪು ಗೆರೆ. ಇದನ್ನು 1865ರಲ್ಲಿ ವಿವರಿಸಿದವರು ಮದ್ರಾಸ್ ಸೇನೆಯ ವೈದ್ಯ ಫ್ರಾನ್ಸಿಸ್ ಡೇ. ಆಗ ಮದ್ರಾಸಿನ ಗವರ್ನರ್ ಆಗಿದ್ದವರು ಸರ್ ವಿಲಿಯಂ ಡೆನಿಸನ್; ಮೀನಿಗೆ ಅವರ ಹೆಸರೇ ಅಂಟಿತು. 2013ರಲ್ಲಿ ಹೊಸ ಕುಲವೊಂದನ್ನು ಮಾಡಿ ಇದನ್ನು ಅದಕ್ಕೆ ಸೇರಿಸಿದರು; ಇಂದಿನ ಹೆಸರು ಸಹ್ಯಾದ್ರಿಯಾ ಡೆನಿಸೋನಿ. ಪಶ್ಚಿಮ ಘಟ್ಟದ ಕೆಲವೇ ಹೊಳೆಗಳಲ್ಲಿ ಇದರ ವಾಸ. ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯೂ ಅವುಗಳಲ್ಲೊಂದು. ಅಕ್ವೇರಿಯಂ ವ್ಯಾಪಾರ ಕುದುರಿದ ಮೇಲೆ ಹೊಳೆಯಲ್ಲಿ ಬಲೆ ಬಿದ್ದದ್ದೇ ಬಿದ್ದದ್ದು. ಈಗ ಇದು ಅಳಿವಿನಂಚಿನ ಪಟ್ಟಿಯಲ್ಲಿದೆ.

ಇಷ್ಟಕ್ಕೇ ಮುಗಿಯಲಿಲ್ಲ. 1999ರಲ್ಲಿ ಮೆನನ್, ರೆಮಾ ದೇವಿ, ಥೋಬಿಯಾಸ್ ಎಂಬ ಮೂವರು ಚಾಲಕ್ಕುಡಿ ಹೊಳೆಯಿಂದ ಇಂಥದ್ದೇ ಇನ್ನೊಂದು ಮೀನನ್ನು ವಿವರಿಸಿದರು. ಅವರಲ್ಲಿ ರೆಮಾ ದೇವಿ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಚೆನ್ನೈ ಕೇಂದ್ರದಲ್ಲಿ ದುಡಿದವರು. ಪಟ್ಟೆಯೂ ಅದೇ, ಕೆಂಪು ಗೆರೆಯೂ ಅದೇ. ಆದರೆ ಬೆನ್ನಿನ ರೆಕ್ಕೆಯ ಮೇಲೆ ಒಂದು ಕಪ್ಪು ಮಚ್ಚೆ. ಡೆನಿಸನ್ ಮೀನಿಗೆ ಅದಿಲ್ಲ. ವ್ಯಾಪಾರದಲ್ಲಿ ಎರಡಕ್ಕೂ ಒಂದೇ ಹೆಸರು ನಡೆಯಿತು. ಬೆನ್ನಿನ ರೆಕ್ಕೆ ಮಡಚಿಕೊಂಡ ಮೀನಿನ ಫೋಟೋ ತೆಗೆದರೆ ಅದೆಷ್ಟೇ ಚೆಂದ ಬಂದಿರಲಿ, ಕೆಲಸಕ್ಕೆ ಬಾರದು.

ಕಸುಬಿನ ಗುಟ್ಟು ಇಲ್ಲೇ ಇದೆ. ಹೊಸಬರು ಬಣ್ಣ ನೋಡುತ್ತಾರೆ, ಪಳಗಿದವರು ಎಣಿಸುತ್ತಾರೆ. ಬೆನ್ನಿನ ರೆಕ್ಕೆಯಲ್ಲಿ ಗಟ್ಟಿ ಮುಳ್ಳು ಎಷ್ಟು, ಮೆತ್ತನೆಯ ಕಡ್ಡಿ ಎಷ್ಟು? ಮುಳ್ಳುಗಳನ್ನು ರೋಮನ್ ಅಂಕಿಯಲ್ಲಿ, ಕಡ್ಡಿಗಳನ್ನು ಮಾಮೂಲಿ ಅಂಕಿಯಲ್ಲಿ ಬರೆದುಕೊಳ್ಳುವುದು ವಾಡಿಕೆ. ಮೈಯ ಪಕ್ಕದಲ್ಲಿ ಹಾಯುವ ಪಾರ್ಶ್ವರೇಖೆಯ ಉದ್ದಕ್ಕೆ ಎಷ್ಟು ಹುರುಪೆ, ಮೀಸೆ ಎಷ್ಟು ಜೊತೆ, ಬಾಯಿ ಮುಂದಕ್ಕಿದೆಯೋ ಕೆಳಕ್ಕಿದೆಯೋ? ಡೇ ತಮ್ಮ 'ದಿ ಫಿಶಸ್ ಆಫ್ ಇಂಡಿಯಾ' ಗ್ರಂಥವನ್ನು 1875ರಿಂದ 1878ರವರೆಗೆ ಕಂತುಕಂತಾಗಿ ಹೊರತಂದದ್ದು ಇಂಥ ಎಣಿಕೆಗಳ ಬಲದ ಮೇಲೆಯೇ. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ 'ಸೌತ್ ಕೆನರಾ'. ಅಲ್ಲಿನ ಹೊಳೆಮೀನುಗಳೂ ಅವರ ಕೈಯಲ್ಲಿ ಹೊಸ ಹೆಸರು ಪಡೆದವು. ಸ್ಪಿರಿಟ್ ಜಾಡಿಗೆ ಬಿದ್ದ ಮೀನಿನ ಬಣ್ಣ ಬೇಗ ಹೋಗಿಬಿಡುತ್ತದೆ, ಮುಳ್ಳಿನ ಲೆಕ್ಕ ಉಳಿಯುತ್ತದೆ. ಫೋಟೋದ್ದು ಇದಕ್ಕೆ ತಿರುಗುಮುರುಗು: ಬಣ್ಣ ಸೊಗಸಾಗಿ ಉಳಿಯುತ್ತದೆ, ಲೆಕ್ಕ ತಪ್ಪುತ್ತದೆ.

ಆದ್ದರಿಂದ ಫೋಟೋವನ್ನು ನೋಡುವವರು ಎಣಿಸುವ ಹಾಗೆ ತೆಗೆಯಬೇಕು. ಮೀನಿನ ತಲೆ ಎಡಕ್ಕಿರಲಿ, ಇದು ಲೋಕದ ರೂಢಿ. ರೆಕ್ಕೆಗಳನ್ನು ಬಿಡಿಸಿ ಗುಂಡುಸೂಜಿ ಚುಚ್ಚಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನೇರ ಮೇಲಿನಿಂದ ತೆಗೆದರೆ ಅರ್ಧ ಕೆಲಸ ಆದಂತೆ. ಮಂಜುಗಡ್ಡೆಯಲ್ಲಿ ಹೊತ್ತು ಕಳೆದ ಮೀನಿನ ಮೈಬಣ್ಣ ಮಾಸುತ್ತದೆ, ಹಾಗಾಗಿ ಬೇಗ ತೆಗೆಯಬೇಕು.

ಉತ್ತರ ಚೆನ್ನೈನ ಕಾಸಿಮೇಡು ಬಂದರಿನಲ್ಲಿ ನಸುಕಿಗೇ ಹರಾಜು ಏರುತ್ತದೆ. ಮಾರುವಾಕೆಯನ್ನು 'ಅಕ್ಕಾ, ಇದೇನು ಮೀನು?' ಎಂದು ಕೇಳಿದರೆ 'ವಂಜಿರಂ' ಎಂದು ಥಟ್ಟನೆ ಹೇಳಿಬಿಡುತ್ತಾಳೆ. ಮಂಗಳೂರಿನವರಿಗೆ ಅದು ಅಂಜಲ್. ಸಾರಿಗೆ ಅಷ್ಟು ಸಾಕು, ಗುರುತಿಗೆ ಸಾಲದು. ಮೈಮೇಲೆ ಅಡ್ಡಡ್ಡ ಅಲೆಪಟ್ಟೆಗಳಿದ್ದು, ಪಾರ್ಶ್ವರೇಖೆ ಎರಡನೇ ಬೆನ್ನುರೆಕ್ಕೆಯ ಕೆಳಗೆ ತಟ್ಟನೆ ಕೆಳಕ್ಕೆ ಕುಸಿದರೆ ಅದು ಸ್ಕಾಂಬರೊಮೋರಸ್ ಕಾಮರ್ಸನ್. ಪಟ್ಟೆಯ ಬದಲು ದುಂಡು ಚುಕ್ಕಿಗಳಿದ್ದು, ರೇಖೆ ನಿಧಾನವಾಗಿ ಬಾಗುತ್ತ ಇಕ್ಕೆಲಕ್ಕೂ ಸಣ್ಣ ಕವಲು ಒಡೆದಿದ್ದರೆ ಅದೇ ಕುಲದ ಗುಟಾಟಸ್. ತಾಜಾ ಮೀನನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ರೇಖೆಯ ಕುಸಿತ ಬರಿಗಣ್ಣಿಗೇ ಕಾಣುತ್ತದೆ. ತುಂಡು ಮಾಡಿಸಿಕೊಂಡ ಮೇಲೆ ಯಾವ ವಿಜ್ಞಾನಿಗೂ ತೋರಿಸಿ ಪ್ರಯೋಜನವಿಲ್ಲ.

ಅಪರೂಪದ ಮೀನು ಬೇಕೆಂದರೆ ಬೆಲೆಯ ಮೀನಿನ ಬುಟ್ಟಿ ಬಿಟ್ಟು, ಟ್ರಾಲ್ ಬಲೆಯಲ್ಲಿ ಬಂದು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ರಾಶಿಯನ್ನು ನೋಡಬೇಕು. ಯಾರೂ ತಿನ್ನದ್ದರಿಂದ ಎಷ್ಟೋ ಸಲ ಅದಕ್ಕೆ ಊರ ಹೆಸರೂ ಇರುವುದಿಲ್ಲ.

ಇನ್ನು ಫೋಟೋ ಹೋಗುವ ಜಾಗ. ಓದಿ ತಿಳಿಯುವವರಿಗೆ 1996ರಿಂದ ಅಂತರ್ಜಾಲದಲ್ಲಿರುವ ಫಿಶ್‌ಬೇಸ್ ಇದೆ. 35,000ಕ್ಕೂ ಹೆಚ್ಚು ಪ್ರಭೇದಗಳ ವಿವರ ಅಲ್ಲಿ ಸಿಗುತ್ತದೆ. ಆದರೆ ಅದರಲ್ಲಿ ಹುಡುಕಲು ಮೀನಿನ ಹೆಸರೋ ಕುಟುಂಬವೋ ಸ್ವಲ್ಪವಾದರೂ ಗೊತ್ತಿರಬೇಕು. ಏನೂ ಗೊತ್ತಿಲ್ಲದವರಿಗೆ ಐನ್ಯಾಚುರಲಿಸ್ಟ್. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು. ಫೋಟೋ, ತಾರೀಖು, ಸ್ಥಳ ಹಾಕಿದರೆ ಲೋಕದ ಯಾವುದೋ ಮೂಲೆಯಿಂದ ಯಾರೋ ಹೆಸರು ಸೂಚಿಸುತ್ತಾರೆ. ಅವರು ಪ್ರೊಫೆಸರ್ ಇರಬಹುದು, ಗಾಳ ಹಾಕುವ ಹವ್ಯಾಸಿಯೂ ಇರಬಹುದು. ಹೆಸರು ಹೇಳಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಒಪ್ಪಿದಾಗ ಮಾತ್ರ ಆ ದಾಖಲೆ ಸಂಶೋಧನೆಗೆ ಯೋಗ್ಯ ಎನಿಸಿಕೊಳ್ಳುತ್ತದೆ.

ಅಲ್ಲಿನ ಎರಡು ನಿಯಮ ನನಗೆ ಬಹಳ ಹಿಡಿಸಿದವು. ಸಾಕಿದ ಜೀವಿ ಎಂದು ಗುರುತು ಹಾಕಿದರೆ ಅದಕ್ಕೆ ಆ ದರ್ಜೆ ಸಿಗುವುದಿಲ್ಲ. ಕೊಳತ್ತೂರಿನ ತೊಟ್ಟಿಯಲ್ಲಿ ಕಂಡ ಮಿಸ್ ಕೇರಳ ಚೆನ್ನೈನ ಮೀನಾಗಿಬಿಡುವ ಅಪಾಯ ತಪ್ಪಿತು. ಅಳಿವಿನಂಚಿನ ಜೀವಿಯಾದರೆ ಸಿಕ್ಕಿದ ಜಾಗವನ್ನು 20 ಕಿಲೋಮೀಟರಿನಷ್ಟು ಅಗಲದ ಚೌಕದಲ್ಲಿ ಮಸುಕು ಮಾಡಿ ತೋರಿಸುತ್ತಾರೆ. ಚಂದ್ರಗಿರಿಯ ಯಾವ ಮಡುವಿನಲ್ಲಿ ಎಂದು ಬಲೆ ಹಾಕುವವನಿಗೆ ತಿಳಿಯಬಾರದಲ್ಲ!

ಕುಂದೂ ಇದೆ. ಕಂಪ್ಯೂಟರ್ ತಾನೇ ಮುಂದಾಗಿ ಒಂದು ಹೆಸರು ಸೂಚಿಸುತ್ತದೆ, ಅದು ಹೆಚ್ಚಾಗಿ ಜನ ಮೇಲಿಂದ ಮೇಲೆ ಫೋಟೋ ತೆಗೆದ ಮೀನಿನ ಕಡೆಗೇ ವಾಲುತ್ತದೆ. ಕೇಳಿದವರು ಅದನ್ನೇ ಒತ್ತುತ್ತಾರೆ, ಇನ್ನೊಬ್ಬರು 'ಹೌದು' ಎನ್ನುತ್ತಾರೆ. ಇಬ್ಬರ ತಲೆದೂಗು ಪುರಾವೆಯಲ್ಲ. ಯಾವ ಲಕ್ಷಣ ನೋಡಿ ಹಾಗೆಂದಿರಿ ಎಂದು ಕೇಳುವ ಜಗಳಗಂಟರು ಇಂಥ ಕಡೆ ಬಲು ಉಪಕಾರಿಗಳು.

ಚೆನ್ನೈನ ಕೆರೆಗಳಲ್ಲಿ, ನಮ್ಮ ಬೆಂಗಳೂರಿನ ಕೆರೆಗಳಲ್ಲೂ, ಈಗ ಗಾಳಕ್ಕೆ ಬೀಳುವ ವಿಚಿತ್ರವೊಂದಿದೆ. ಮೈಯೆಲ್ಲ ಮೂಳೆಯ ಫಲಕ, ಅಡಿಯಲ್ಲಿ ಬಟ್ಟಲಿನಂಥ ಬಾಯಿ. ತೊಟ್ಟಿಯ ಪಾಚಿ ತಿನ್ನಲೆಂದು 'ಟ್ಯಾಂಕ್ ಕ್ಲೀನರ್' ಎಂದು ಕೊಂಡು, ಬೆಳೆದು ತೊಟ್ಟಿ ಸಾಲದಾದಾಗ ಕೆರೆಗೆ ಬಿಟ್ಟ ದಕ್ಷಿಣ ಅಮೆರಿಕದ ಟೆರಿಗೊಪ್ಲಿಕ್ತಿಸ್ ಇದು. ಬೆನ್ನುರೆಕ್ಕೆಯಲ್ಲಿ ಹತ್ತು ಅಥವಾ ಹೆಚ್ಚು ಕಡ್ಡಿಗಳಿದ್ದರೆ ಕುಲ ಖಚಿತ. ಪ್ರಭೇದ ತಿಳಿಯಲು ಮೀನನ್ನು ಅಂಗಾತ ಹಾಕಿ ಹೊಟ್ಟೆಯ ಫೋಟೋ ತೆಗೆಯಬೇಕು: ಬಿಡಿಬಿಡಿ ಚುಕ್ಕಿಗಳಿದ್ದರೆ ಪಾರ್ಡಾಲಿಸ್, ಚುಕ್ಕಿಗಳು ಕೂಡಿಕೊಂಡು ಹುಳು ಹರಿದ ಗುರುತಿನಂತಾಗಿದ್ದರೆ ಡಿಸ್‌ಜಂಕ್ಟಿವಸ್. ಎರಡರ ನಡುವಿನ ವಿನ್ಯಾಸದವೂ ಸಿಗುತ್ತವೆ, ಬೆರಕೆಯಿರಬಹುದೆಂಬ ಅನುಮಾನವಿದೆ. ಅಂಥದ್ದು ಬಂದಾಗ ಬಲ್ಲವರು ಕುಲದ ಹೆಸರು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಯಾರಾದರೂ ಡಿಎನ್‌ಎ ನೋಡುವವರೆಗೆ ಆ ದಾಖಲೆ ಹಾಗೆಯೇ ಇರುತ್ತದೆ.