ಟೈರು ಎತ್ತರವಾದರೆ ಸಾಲದು, ಸ್ಪ್ರಿಂಗೂ ಒಪ್ಪಬೇಕು

ಮಲೆನಾಡಿನ ಕಾಫಿ ತೋಟಗಳ ಒಳದಾರಿಗಳಲ್ಲಿ ಮಳೆಗಾಲ ಬಂತೆಂದರೆ ಜೀಪುಗಳಿಗೆ ಪರೀಕ್ಷೆಯ ಕಾಲ. ಕೆಸರಿನಲ್ಲಿ ಆಳವಾಗಿ ಬಿದ್ದ ಗಾಲಿಯ ಜಾಡು, ನಡುವೆ ಉಬ್ಬಿ ನಿಂತ ಮಣ್ಣು, ಅಲ್ಲಲ್ಲಿ ತಲೆ ಎತ್ತಿದ ಕಲ್ಲು. ವಾಹನದ ಹೊಟ್ಟೆ ನೆಲಕ್ಕೆ ತಾಗಿತೆಂದರೆ ಎಳೆದು ಹಾಕಲು ಟ್ರ್ಯಾಕ್ಟರೇ ಬರಬೇಕು. ಇಂಥ ಕಡೆ ಎತ್ತರದ ಟೈರು ಕೆಲವರಿಗೆ ಅಗತ್ಯ. ಆದರೆ ಈಗ ಅದು ಪಟ್ಟಣದ ಯುವಕರಿಗೂ ಆಸೆಯ ವಸ್ತುವಾಗಿದೆ. ದೊಡ್ಡ ಟೈರು ಹಾಕಿಸಿ ಸಸ್ಪೆನ್ಶನ್ ಎತ್ತರಿಸೋಣ ಎಂದು ಮಗ ಹಟ ಹಿಡಿದರೆ, ಖರ್ಚೆಷ್ಟು ಎಂದು ಮಾತ್ರ ತಂದೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಪ್ರೌಢಶಾಲೆ ಮತ್ತು ಪಿಯುಸಿಯ ಭೌತವಿಜ್ಞಾನ ಪುಸ್ತಕಗಳಲ್ಲೇ ಸಿಗುತ್ತದೆ.

ಟೈರಿನ ಮೇಲೆ ಬರೆದ ಲೆಕ್ಕ

ಟೈರಿನ ಪಕ್ಕದಲ್ಲಿ 205/70 ಆರ್ 15 ಎಂದು ಬರೆದಿದೆ ಎನ್ನೋಣ. 205 ಎಂದರೆ ಅಗಲ, ಮಿಲಿಮೀಟರಿನಲ್ಲಿ. 70 ಎಂದರೆ ಟೈರಿನ ಗೋಡೆಯ ಎತ್ತರ ಆ ಅಗಲದ ಶೇ. 70ರಷ್ಟು. 15 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಇದರಂತೆ ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ 668 ಮಿ.ಮೀ. ಇದರ ಬದಲು 215/75 ಆರ್ 15 ಹಾಕಿಸಿದರೆ ವ್ಯಾಸ 703.5 ಮಿ.ಮೀ. ಆಗುತ್ತದೆ.

ವ್ಯತ್ಯಾಸ 35.5 ಮಿ.ಮೀ. ಆದರೂ ವಾಹನ ಏರುವುದು ಅದರ ಅರ್ಧದಷ್ಟು ಮಾತ್ರ. ಏಕೆಂದರೆ ಆಕ್ಸಲ್ ಇರುವುದು ಚಕ್ರದ ಕೇಂದ್ರದಲ್ಲಿ. ಅಂದರೆ ದೊರೆಯುವ ಲಾಭ 18 ಮಿ.ಮೀ.ಗಳಷ್ಟು, ಮುಕ್ಕಾಲು ಅಂಗುಲಕ್ಕೂ ಕಡಿಮೆ. ಇನ್ನೊಂದು ಕಡೆ ಚಕ್ರದ ಸುತ್ತಳತೆ ಶೇ. 5.3ರಷ್ಟು ಹೆಚ್ಚುತ್ತದೆ. ಮೊದಲು ಸರಿಯಾಗಿ ತೋರಿಸುತ್ತಿದ್ದ ಸ್ಪೀಡೋಮೀಟರಿನ ಮುಳ್ಳು 60ರಲ್ಲಿದ್ದಾಗ ವಾಹನ 63 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಹೆಚ್ಚು ಕೆಲಸ ಬೀಳುತ್ತದೆ.

ದೊಡ್ಡ ಟೈರಿಗೆ ಜಾಗವೂ ಬೇಕು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ, ಇಲ್ಲವೇ ಚಕ್ರ ಹಳ್ಳಕ್ಕೆ ಬಿದ್ದು ಮೇಲೆ ಒತ್ತಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಸಸ್ಪೆನ್ಶನ್ ಎತ್ತರಿಸುವ ಮಾತು ಹುಟ್ಟುವುದು ಇಲ್ಲಿಂದಲೇ.

ಎತ್ತರ ಬೇರೆ, ಸುಖ ಬೇರೆ

ಸಸ್ಪೆನ್ಶನ್ನಿನಲ್ಲಿ ಮುಖ್ಯವಾಗಿ ಇಬ್ಬರು ಕೆಲಸಗಾರರು. ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಚಲನೆಯ ಶಕ್ತಿ ಶಾಖವಾಗಿ ಬದಲಾಗುತ್ತದೆ.

ಪ್ರಯಾಣದ ಸುಖವನ್ನು ಸರಳ ಲೋಲಕದಿಂದ ಅರಿಯಬಹುದು. ವಾಹನದ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಗ್ಗುತ್ತದೆಯೋ, ಅಷ್ಟೇ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಹಿಡಿಯುವ ಕಾಲವೇ ವಾಹನ ಒಮ್ಮೆ ಏರಿಳಿಯಲು ಹಿಡಿಯುವ ಕಾಲ. 25 ಸೆಂ.ಮೀ. ಕುಗ್ಗಿದರೆ ಒಂದು ಸೆಕೆಂಡು. 6 ಸೆಂ.ಮೀ. ಕುಗ್ಗಿದರೆ ಸುಮಾರು ಅರ್ಧ ಸೆಕೆಂಡು. ಸಾಮಾನ್ಯ ಕಾರುಗಳು ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ಏರಿಳಿಯುತ್ತವೆ. ಇದು ಮನುಷ್ಯ ನಿಧಾನವಾಗಿ ನಡೆಯುವಾಗಿನ ಲಯಕ್ಕೆ ಹತ್ತಿರ, ದೇಹಕ್ಕೆ ಹಿತ. ಮೇಲೆ ಕೆಳಗಿನ ಅಲುಗಾಟ ಸೆಕೆಂಡಿಗೆ 4ರಿಂದ 8 ಬಾರಿಯಾದರೆ ಅದನ್ನು ದೇಹ ಬಹಳ ಕಡಿಮೆ ಸಹಿಸುತ್ತದೆ.

ಲೀಫ್ ಸ್ಪ್ರಿಂಗಿನ ಕಮಾನಿಗೆ ಇನ್ನೊಂದು ಪಟ್ಟಿ ಸೇರಿಸಿ ಎತ್ತರಿಸುವ ಅಗ್ಗದ ಉಪಾಯ ಸೋಲುವುದು ಇಲ್ಲೇ. ವಾಹನ ಏರುತ್ತದೆ, ನಿಜ. ಆದರೆ ಸ್ಪ್ರಿಂಗು ಬಿರುಸಾಗುತ್ತದೆ, ಕುಗ್ಗುವುದು ಕಡಿಮೆಯಾಗುತ್ತದೆ. ಮೂಟೆ ಹೇರಿದಾಗ ಸರಿಯೆನಿಸಿದರೂ, ಖಾಲಿ ಓಡುವಾಗ ಹಿಂದಿನ ಸೀಟಿನವರ ಸೊಂಟ ನೋಯುತ್ತದೆ.

ಹೊಂದಿಸಬಹುದಾದ ವಿಧಗಳು

ಎತ್ತರವನ್ನು ಚಾಲಕನೇ ಬದಲಿಸಬಹುದಾದ ಪ್ರಸಿದ್ಧ ಕಾರು ಫ್ರಾನ್ಸಿನ ಸಿಟ್ರೊಯೆನ್ ಡಿಎಸ್. ಅದು 1955ರ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂತು. ಉಕ್ಕಿನ ಸ್ಪ್ರಿಂಗಿನ ಬದಲು ಅದರಲ್ಲಿ ಒತ್ತಡದ ನೈಟ್ರೊಜನ್ ಅನಿಲ ಮತ್ತು ಎಣ್ಣೆ ಇದ್ದವು. 1962ರ ಆಗಸ್ಟ್‌ನಲ್ಲಿ ಅಧ್ಯಕ್ಷ ಡಿಗಾಲ್ ಅವರ ಮೇಲೆ ಗುಂಡಿನ ದಾಳಿಯಾದಾಗ, ಟೈರುಗಳು ತೂತಾಗಿದ್ದರೂ ಇದೇ ಕಾರು ಅವರನ್ನು ಪಾರು ಮಾಡಿತು.

ನಮ್ಮ ವೋಲ್ವೊ ಬಸ್ಸುಗಳಲ್ಲಿರುವುದು ಗಾಳಿಯ ಸಸ್ಪೆನ್ಶನ್. ಜನ ಹೆಚ್ಚಿದಂತೆ ರಬ್ಬರ್ ಚೀಲಗಳಿಗೆ ಗಾಳಿ ತುಂಬಿ ಎತ್ತರ ಉಳಿಯುತ್ತದೆ. ಹೀಗಾಗಿ ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಕುಲುಕಾಟದಲ್ಲಿ ಹೆಚ್ಚು ಅಂತರ ಕಾಣುವುದಿಲ್ಲ.

ಕಾರು, ಜೀಪುಗಳಿಗೆ ಹೆಚ್ಚಾಗಿ ಸಿಗುವ ಹೊಂದಾಣಿಕೆ ಎರಡು ಬಗೆಯದು. ಒಂದರಲ್ಲಿ ಕಾಯಿಲ್ ಸ್ಪ್ರಿಂಗಿನ ಕೆಳಗಿನ ಬಟ್ಟಲನ್ನು ಮರೆಯ ಮೇಲೆ ತಿರುಗಿಸಿ ಎತ್ತರ ಬದಲಿಸುತ್ತಾರೆ. ಇನ್ನೊಂದರಲ್ಲಿ ಶಾಕ್ ಅಬ್ಸಾರ್ಬರಿನ ಗುಂಡಿ ತಿರುಗಿಸಿ ಎಣ್ಣೆಯ ದಾರಿಯನ್ನು ಹಿರಿದು ಕಿರಿದು ಮಾಡುತ್ತಾರೆ. ಮೊದಲನೆಯದು ಎತ್ತರಕ್ಕೆ, ಎರಡನೆಯದು ಕುಣಿತ ಅಡಗಿಸುವುದಕ್ಕೆ. ಗುಂಡಿ ತಿರುಗಿಸಿದರೆ ವಾಹನ ಏರುವುದಿಲ್ಲ. ಕೊಳ್ಳುವವರು ತಪ್ಪಿಬೀಳುವುದು ಹೆಚ್ಚಾಗಿ ಇಲ್ಲಿಯೇ.

ಹಾಸಿಗೆ ಇದ್ದಷ್ಟು ಕಾಲು

ಚಕ್ರ ಮೇಲೆ ಕೆಳಗೆ ಚಲಿಸಲು ಇರುವ ಒಟ್ಟು ಜಾಗ ನಿಗದಿಯಾದದ್ದು. ಶಾಕ್ ಅಬ್ಸಾರ್ಬರ್ ಹಳೆಯದೇ ಇದ್ದು ಬಟ್ಟಲನ್ನು ಮಾತ್ರ 40 ಮಿ.ಮೀ. ಏರಿಸಿದರೆ, ಚಕ್ರ ಕೆಳಗಿಳಿಯಲು ಇದ್ದ ಜಾಗ ಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಆಗ ಹಳ್ಳ ಬಂದಾಗ ಚಕ್ರ ನೆಲ ಮುಟ್ಟದೆ ನೇತಾಡುತ್ತದೆ, ಶಾಕ್ ಅಬ್ಸಾರ್ಬರ್ ತುದಿಗೆ ಬಡಿದು ಸದ್ದು ಮಾಡುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹೆಚ್ಚು ಚಾಚಬೇಕಾದರೆ ಉದ್ದದ ಶಾಕ್ ಅಬ್ಸಾರ್ಬರ್ ಬೇಕು.

ಇನ್ನೊಂದು ಸಂಗತಿ ಗಮನಿಸಬೇಕು. ಚಕ್ರ ಮೇಲೇರುವ ಕೊನೆಯ ಮಿತಿಯನ್ನು ಗೊತ್ತುಮಾಡುವುದು ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡು. ಬಟ್ಟಲು ಏರಿಸಿದ ಮಾತ್ರಕ್ಕೆ ಆ ಮಿತಿ ಬದಲಾಗದು. ನಿಂತಾಗ ಉಜ್ಜದ ಟೈರು, ದೊಡ್ಡ ಗುಂಡಿಯಲ್ಲಿ ಉಜ್ಜಬಹುದು. ಆದ್ದರಿಂದ ಗ್ಯಾರೇಜಿನಲ್ಲಿ ಒಂದು ಪಕ್ಕದ ಚಕ್ರವನ್ನು ದಿಮ್ಮಿಯ ಮೇಲೆ ಏರಿಸಿ ಒತ್ತಿಸಿ, ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು.

ಕ್ರಮ ಹೀಗಿರಲಿ. ಅಗತ್ಯಕ್ಕೆ ಸಾಕಾಗುವ ಅತಿ ಚಿಕ್ಕ ಟೈರನ್ನು ಮೊದಲು ಆರಿಸಬೇಕು. ಆಮೇಲೆ ಟೈರಿನ ಸುತ್ತಲಿನ ಜಾಗ ಅಳೆದು, ಬೇಕಾದಷ್ಟು ಮಾತ್ರ ಏರಿಸಬೇಕು. ದಿನನಿತ್ಯ ಎಷ್ಟು ಭಾರ ಹೊರುವುದೋ ಅದಕ್ಕೆ ತಕ್ಕ ಸ್ಪ್ರಿಂಗು ಇರಬೇಕು. ಹಬ್ಬಕ್ಕೊಮ್ಮೆ ಹೇರುವ ಭಾರಕ್ಕೆ ಅದನ್ನು ಆರಿಸಬಾರದು. ಬ್ರೇಕಿನ ರಬ್ಬರ್ ಪೈಪು ಚಕ್ರ ಪೂರ್ತಿ ಇಳಿದಾಗಲೂ ಬಿಗಿಯಾಗದಂತಿರಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟನ್ನು ಬಗ್ಗಿಸಬೇಕು.

ಶಾಕ್ ಅಬ್ಸಾರ್ಬರ್ ಹೊಂದಿಸುವಾಗ ಪ್ರಯೋಗಶಾಲೆಯ ನಿಯಮವೇ ಸರಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಟೈರಿನ ಗಾಳಿ, ರಸ್ತೆ, ವೇಗ ಎಲ್ಲವೂ ಅವೇ ಇರಲಿ. ಎಡಬಲ ಸಮವಾಗಿ ಒಂದೆರಡು ಹಂತ ತಿರುಗಿಸಿ, ಅನಿಸಿದ್ದನ್ನು ಬರೆದಿಡಬೇಕು. ದಿಬ್ಬ ದಾಟಿದ ಮೇಲೂ ವಾಹನ ತೂಗುತ್ತಿದ್ದರೆ ಬಿಗಿ ಸಾಲದು. ಸಣ್ಣ ಕಲ್ಲಿಗೂ ಕುಟ್ಟಿದಂತಾದರೆ ಬಿಗಿ ಹೆಚ್ಚಾಗಿದೆ.

ಎತ್ತರಕ್ಕೆ ತೆರುವ ಬೆಲೆ

ವಾಹನ ಏರಿದಂತೆ ಅದರ ಗುರುತ್ವ ಕೇಂದ್ರವೂ ಏರುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಮಗುಚದೆ ನಿಲ್ಲುವ ಶಕ್ತಿಯ ಅಂದಾಜು ಸಿಗುತ್ತದೆ. ಅರ್ಧ ಅಂತರ 650 ಮಿ.ಮೀ., ಎತ್ತರವೂ 650 ಮಿ.ಮೀ. ಇದ್ದರೆ ಉತ್ತರ 1. ಎತ್ತರ 70 ಮಿ.ಮೀ. ಹೆಚ್ಚಿದರೆ ಅದು 0.9ಕ್ಕೆ ಇಳಿಯುತ್ತದೆ. ಘಾಟಿಯ ತಿರುವಿನಲ್ಲಿ ನಿನ್ನೆಯವರೆಗೆ ಸುರಕ್ಷಿತವಾಗಿದ್ದ ವೇಗ ಇಂದು ಅಪಾಯಕಾರಿಯಾಗಬಹುದು.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಒಡ್ಡುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಣ ತೆರುವ ಮುಂಚೆ ತಯಾರಕರ ಕೈಪಿಡಿ ನೋಡಿ, ಆರ್‌ಟಿಓ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸುವುದು ಕ್ಷೇಮ. ಅಪಘಾತವಾದ ಮೇಲೆ ವಿಮೆಯ ತಕರಾರು ಎದುರಿಸುವುದಕ್ಕಿಂತ ಇದು ಸುಲಭ.

ಮಗನ ಆಸೆಗೆ ತಂದೆ ಒಮ್ಮೆಲೇ ಬೇಡ ಎನ್ನಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ಹಾಳೆ, ಪೆನ್ಸಿಲು ಕೊಟ್ಟು ಟೈರಿನ ವ್ಯಾಸ, ವೇಗದ ವ್ಯತ್ಯಾಸ, ಸ್ಪ್ರಿಂಗಿನ ಕುಗ್ಗುವಿಕೆ, ಮಗುಚುವ ಲೆಕ್ಕ ಇಷ್ಟನ್ನೂ ಮಾಡಿ ತರಲು ಹೇಳಬಹುದು. ಲೆಕ್ಕ ಮುಗಿಯುವ ಹೊತ್ತಿಗೆ ಎಷ್ಟು ಎತ್ತರ ಸಾಕು ಎಂಬುದು ಅವನಿಗೇ ತಿಳಿದಿರುತ್ತದೆ.